ಎರಡೂ ಹತ್ತರ ಪಾಯಸ

ಗುರುವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಕಮಲಾಕರ ಭಟ್ಟರ ಹೋಟೆಲಿನಲ್ಲಿ ಪಾಯಸ ನೀರಾಯಿತು. ಹದಿನಾರು ದಿನಗಳಲ್ಲಿ ಇದು ಹನ್ನೆರಡನೆಯ ಸಲ. ಉಳಿದ ನಾಲ್ಕು ದಿನಗಳಲ್ಲಿ ಎರಡು ಭಾನುವಾರ, ಹೋಟೆಲಿಗೆ ರಜೆ. ಇನ್ನೆರಡು ಮಂಗಳವಾರ. ಆ ಎರಡು ದಿನ ಮಾತ್ರ ಪಾಯಸ ಕೊನೆಯ ಲೋಟದವರೆಗೂ ಗಟ್ಟಿಯಾಗಿಯೇ ಇತ್ತು.

ಇದನ್ನೆಲ್ಲ ಭಟ್ಟರು ದುಡ್ಡಿನ ಗಲ್ಲೆಯ ಹಿಂದಿನ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದರು. ನೀರಾದ ದಿನಕ್ಕೆ ಸೊನ್ನೆ, ಗಟ್ಟಿ ಇದ್ದ ದಿನಕ್ಕೆ ಅಡ್ಡಗೆರೆ. ಗುರುವಾರದ ಸೊನ್ನೆ ಹಾಕಿ ಅವರು ಪೆನ್ಸಿಲು ಕಿವಿಗೆ ಸಿಕ್ಕಿಸುವಷ್ಟರಲ್ಲಿ ಮೂರನೇ ಮೇಜಿನಿಂದ ರಾಘು ಕರೆದ.

"ಭಟ್ರೆ, ಇದು ಕುಡೂಕೆ ಕೊಟ್ಟದ್ದೋ, ಕೈ ತೊಳೂಕೆ ಕೊಟ್ಟದ್ದೋ?"

ರಾಘು ಹತ್ತಿರದ ಬಾಡ ಊರಿನವ, ಆಟೋ ಓಡಿಸುತ್ತಾನೆ. ಎರಡು ಗಂಟೆಯ ಬಾಡಿಗೆ ಮುಗಿಸಿ ಊಟಕ್ಕೆ ಬಂದವನಿಗೆ ಎರಡು ಲೋಟ ಪಾಯಸ ಬೇಕೇ ಬೇಕು. ಅವನೊಬ್ಬನೇ ಅಲ್ಲ. ಭಟ್ಕಳದಿಂದ ಕಾರವಾರದ ಕಚೇರಿಗಳಿಗೆ ಹೋಗುವ ಜನ ಊಟದ ಹೊತ್ತಿಗೆ ಸರಿಯಾಗಿ ಕುಮಟಾ ತಲುಪುವ ಹಾಗೆ ಮನೆಯಿಂದ ಹೊರಡುತ್ತಿದ್ದದ್ದು ಈ ಪಾಯಸಕ್ಕಾಗಿ. ಗೋಧಿಕಡಿ, ಬೆಲ್ಲ, ತೆಂಗಿನ ಹಾಲು, ಏಲಕ್ಕಿ, ಇಷ್ಟೇ. ಲೋಟದಲ್ಲಿ ಚಮಚ ನೆಟ್ಟರೆ ನಿಲ್ಲಬೇಕು, ಲೋಟ ಬಗ್ಗಿಸಿದರೆ ಪಾಯಸ ಒಂದು ಕ್ಷಣ ಯೋಚಿಸಿ ಆಮೇಲೆ ಇಳಿಯಬೇಕು. ಈಗ ಹನ್ನೆರಡೂವರೆಗೆ ಉಂಡವರಿಗೆ ಅಂಥದ್ದೇ ಸಿಗುತ್ತಿತ್ತು. ಒಂದೂವರೆಗೆ ಉಂಡವರು ಏನೋ ವ್ಯತ್ಯಾಸ ಇದೆ ಎನ್ನುತ್ತಿದ್ದರು. ಎರಡರ ನಂತರ ಬಂದವರು ರಾಘುವಿನ ಹಾಗೆ ಮಾತಾಡುತ್ತಿದ್ದರು.

ಭಟ್ಟರು ಅಡಿಗೆಮನೆಗೆ ಹೋದರು. ದುರ್ಗಿ ಸಾರಿನ ಪಾತ್ರೆ ಬರಿದು ಮಾಡುತ್ತಿದ್ದಳು. ಅವಳೂ ಬಾಡದವಳೇ. ಹತ್ತೊಂಬತ್ತು ವರ್ಷಗಳಿಂದ ಈ ಪಾಯಸ ಮಾಡುವವಳು ಅವಳೊಬ್ಬಳೇ.

"ದುರ್ಗಿ, ಇದಕ್ಕೆ ನೀರು ಹಾಕ್ದವ್ರು ಯಾರು?"

"ನೀರು ಹಾಕೂಕೆ ನಂಗೆ ಎಂತ ಹುಚ್ಚಾ, ಭಟ್ರೆ?"

"ಹುಚ್ಚು ಅಂತ ನಾನು ಹೇಳ್ಲಿಲ್ಲ. ನಾನು ಹೊನ್ನಾವರಕ್ಕೆ ಹೋಗೂ ಮಂಗಳವಾರ ಪಾಯಸ ಗಟ್ಟಿ. ನಾನು ಇಲ್ಲೇ ಇರೂ ದಿವ್ಸ ನೀರು. ಇದರ ಅರ್ಥ ಎಂತ?"

ದುರ್ಗಿ ಸೌಟು ಕೆಳಗಿಟ್ಟಳು. "ಅರ್ಥ ನಿಮಗೇ ಗೊತ್ತಾಗ್ಬೇಕು. ದಿವ್ಸಕ್ಕೆ ಎರಡು ಪೇಪರ್ ಓದೂರು ನೀವು."

ಭಟ್ಟರಿಗೆ ಅರ್ಥ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಅವರು ತಿಳಿದಿದ್ದರು. ಮೂವತ್ತೆರಡು ವರ್ಷ ದಿನಕ್ಕೆ ಹದಿನೈದು ಕವಳ ಹಾಕಿದ ಬಾಯಿ ಅವರದ್ದು. ಎಲೆ, ಅಡಿಕೆ, ಸುಣ್ಣ ಇಲ್ಲದ ಹೊತ್ತು ಎಂದರೆ ಊಟ ಮತ್ತು ನಿದ್ದೆ ಮಾತ್ರ. ಹದಿನಾರು ದಿನಗಳ ಹಿಂದೆ, ಒಂದು ಮಂಗಳವಾರ, ಹೊನ್ನಾವರದ ಹಲ್ಲಿನ ಡಾಕ್ಟರು ಟಾರ್ಚು ಹಾಕಿ ನೋಡಿ ಕೆನ್ನೆಯ ಒಳಗೊಂದು ಬಿಳಿ ಮಚ್ಚೆ ತೋರಿಸಿದರು. ಕವಳ ಬಿಡಿ, ವಾರಕ್ಕೊಮ್ಮೆ ಬಂದು ತೋರಿಸಿ ಎಂದರು. ಭಟ್ಟರು ಅಲ್ಲೇ ಬಾಯಿ ಮುಕ್ಕಳಿಸಿ ಬಂದರು. ಬಿಟ್ಟವರು ಸುಮ್ಮನೆ ಬಿಡಲಿಲ್ಲ. ಮರುದಿನವೇ ಅಡಿಗೆಮನೆಯೊಳಗೆ ಯಾರೂ ಕವಳ ಹಾಕಬಾರದು ಎಂದು ಆಜ್ಞೆ ಹೊರಡಿಸಿದರು. ಹತ್ತೊಂಬತ್ತು ವರ್ಷ ಪಾತ್ರೆಯ ಪಕ್ಕದಲ್ಲೇ ಕೂತು ಕವಳ ಜಗಿಯುತ್ತಿದ್ದ ದುರ್ಗಿ ಆವತ್ತಿನಿಂದ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂರಬೇಕಾಯಿತು. ಆವತ್ತಿನಿಂದಲೇ ಪಾಯಸ ನೀರಾಗತೊಡಗಿತು. ಭಟ್ಟರ ಪ್ರಕಾರ ಇದರಲ್ಲಿ ಇನ್ನೇನೂ ತನಿಖೆ ಮಾಡಬೇಕಾದ್ದಿರಲಿಲ್ಲ. ದುರ್ಗಿ ಕವಳದ ಸಿಟ್ಟನ್ನು ಪಾಯಸದ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಮಂಗಳವಾರ ಅವರು ಕಣ್ಣೆದುರು ಇರುವುದಿಲ್ಲ, ಹಾಗಾಗಿ ಸಿಟ್ಟೂ ಬರುವುದಿಲ್ಲ.

ಇದನ್ನು ಅವರು ಗಲ್ಲೆಗೆ ಮರಳಿ, ರಾಘುವೂ ಇನ್ನಾರು ಜನರೂ ಕೇಳುವ ಹಾಗೆ ಹೇಳಿದರು. ಹೇಳಿ, "ಶನಿವಾರದೊಳಗೆ ಇದು ನಿಲ್ದಿದ್ರೆ ಬೇರೆ ಜನ ನೋಡ್ತೆ" ಎಂದು ಸೇರಿಸಿದರು.

ದುರ್ಗಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. "ಬೇರೆ ಜನ ನೀವೆಂತಕೆ ಹುಡುಕ್ತ್ರಿ ಭಟ್ರೆ, ನಾನೇ ಬೇರೆ ಕಡೆ ನೋಡ್ತೆ. ಹೊನ್ನಾವರದ ಖಾನಾವಳಿಯವ್ರು ಎರಡು ವರ್ಷದಿಂದ ಕರೀತಿದ್ರು. ಸೋಮವಾರದಿಂದ ಅಲ್ಲಿಗೆ ಹೋಗ್ತೆ. ಆದ್ರೆ ಪಾಯಸಕ್ಕೆ ನೀರು ಹಾಕ್ದವ್ಳು ಅನ್ನಿಸ್ಕಂಡು ಹೋಗೂದಿಲ್ಲ. ನೀವು ಇಷ್ಟು ಜನರ ಎದುರಿಗೆ ಹೇಳಿದ್ದು. ಇತ್ಯರ್ಥವೂ ಇಷ್ಟು ಜನರ ಎದುರಿಗೇ ಆಗ್ಲಿ."

"ಅವಳು ಹೇಳೂದು ನ್ಯಾಯ" ಎಂದ ರಾಘು, ಎರಡನೆಯ ಲೋಟ ಖಾಲಿ ಮಾಡುತ್ತ. ನೀರಾಗಿದ್ದರೂ ಅವನು ಬಿಟ್ಟಿರಲಿಲ್ಲ.

ಶುಕ್ರವಾರ ಭಟ್ಟರು ಸ್ವತಃ ಕಾವಲಿಗೆ ಕೂತರು.

ಪಾಯಸ ಆಗುವ ಕ್ರಮ ಹೀಗೆ. ಒಂಬತ್ತಕ್ಕೆ ಗೋಧಿಕಡಿ ಒಲೆಯ ಮೇಲೆ ಹೋಗುತ್ತದೆ. ಬೆಂದು ಮೆತ್ತಗಾದ ಮೇಲೆ ಬೆಲ್ಲ. ಹತ್ತೂ ಮುಕ್ಕಾಲಿಗೆ ಪಾತ್ರೆ ಇಳಿಸಿ ಮೂಲೆಯ ಸಿಮೆಂಟು ತೊಟ್ಟಿಯ ತಣ್ಣೀರಿನಲ್ಲಿ ಇಡುತ್ತಾರೆ. ಮೊದಲು ಹಿಂಡಿದ ದಪ್ಪ ತೆಂಗಿನ ಹಾಲನ್ನು ಬಿಸಿಯಲ್ಲಿ ಹಾಕಿದರೆ ಒಡೆಯುತ್ತದೆ. ಹಾಗಾಗಿ ಬೆರಳು ಅದ್ದಿ ಹಿಡಿಯುವಷ್ಟು ಬೆಚ್ಚಗಾಗುವವರೆಗೆ ಕಾಯಬೇಕು. ಹನ್ನೊಂದೂವರೆಗೆ ಹಾಲು ಬೀಳುತ್ತದೆ. ಹನ್ನೆರಡೂವರೆಗೆ ಬಡಿಸಲು ಶುರು. ನಡುವಿನ ಒಂದು ತಾಸು ಪಾಯಸ ತೊಟ್ಟಿಯಲ್ಲಿ ಉಗುರುಬೆಚ್ಚಗೆ ಕೂತಿರುತ್ತದೆ. ದುರ್ಗಿ ಆ ಹೊತ್ತಿಗೆ ಹಿತ್ತಲಿಗೆ ಹೋಗುತ್ತಾಳೆ, ಏಕೆಂದರೆ ಕವಳಕ್ಕೆ ಒಳಗೆ ಅವಕಾಶವಿಲ್ಲ.

"ನೀರು ಬೀಳೂದಾದ್ರೆ ಈ ತಾಸಲ್ಲೇ ಬೀಳಬೇಕು" ಎಂದು ಭಟ್ಟರು ತೀರ್ಮಾನಿಸಿದರು. ಎಲ್ಲರನ್ನೂ ಹೊರಗೆ ಕಳಿಸಿ, ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ, ತೊಟ್ಟಿಯ ಪಕ್ಕ ಮರದ ಸ್ಟೂಲು ಎಳೆದುಕೊಂಡು ಕೂತರು. ತರಕಾರಿ ಹೆಚ್ಚುತ್ತಿದ್ದ ಹೆಂಡತಿ ಸುಮತಿಯನ್ನೂ ಕಳಿಸಿಬಿಟ್ಟರು.

"ನಾನೂ ಹೋಗವಾ?" ಎಂದಳು ಸುಮತಿ.

"ತನಿಖೆ ಹೇಳಿರೆ ಎಲ್ಲರಿಗೂ ಒಂದೇ."

ಕೂತಲ್ಲಿಂದ ಅವರಿಗೆ ಎದುರಿನ ಗೋಡೆಯ ಹಲಗೆ ಕಾಣುತ್ತಿತ್ತು. ಅವರದ್ದೇ ಅಕ್ಷರ: 'ಎಂಜಲು ಮಾಡಿದ ಚಮಚ, ಸೌಟು, ಲೋಟವನ್ನು ಪಾತ್ರೆಗೆ ಮರಳಿ ಹಾಕತಕ್ಕದ್ದಲ್ಲ.' ಎಂಜಲಿನ ವಿಷಯದಲ್ಲಿ ಭಟ್ಟರು ಕುಮಟಾಕ್ಕೇ ಪ್ರಸಿದ್ಧರು. ನೀರನ್ನು ಒಂದು ಗೇಣು ಎತ್ತರದಿಂದ ಬಾಯಿಗೆ ಸುರಿದುಕೊಳ್ಳುವವರು. ಬಡಿಸುವ ಮಂಜ ಒಮ್ಮೆ ನೀರಿನ ಚೊಂಬನ್ನು ತುಟಿಗೆ ತಾಗಿಸಿದ ಎಂದು ಅವನನ್ನು ಅರ್ಧ ದಿನ ಮನೆಗೆ ಕಳಿಸಿದ್ದರು. ಚೊಂಬು ಇನ್ನೂ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕಲು ಇದೆ.

ಒಂದು ತಾಸು ಅವರು ಕದಲಲಿಲ್ಲ. ಒಂದು ಹನಿ ನೀರು ಬೀಳಲಿಲ್ಲ, ಒಂದು ನೊಣ ಕೂಡ ಹತ್ತಿರ ಬರಲಿಲ್ಲ. ಬಾಯಿ ಮಾತ್ರ ಬಹಳ ಖಾಲಿ ಎನಿಸುತ್ತಿತ್ತು. ಕವಳ ಬಿಟ್ಟ ಮೇಲೆ ಈ ಖಾಲಿತನ ಅವರಿಗೆ ಅಭ್ಯಾಸವಾಗಿರಲಿಲ್ಲ. ನಾಲಿಗೆ ಏನಾದರೊಂದು ಕೆಲಸ ಹುಡುಕುತ್ತಿತ್ತು. ಹೊತ್ತು ಹೋಗಲೆಂದು, ಗಟ್ಟಿತನ ಪರೀಕ್ಷಿಸಲೆಂದು, ಬೆಲ್ಲ ಸರಿ ಇದೆಯೋ ಎಂದು ಆಗಾಗ ಪಾಯಸದ ರುಚಿ ನೋಡಿದರು. ಪ್ರತಿ ಸಲವೂ ಗಟ್ಟಿಯಾಗಿಯೇ ಇತ್ತು. ಹನ್ನೆರಡೂವರೆಗೆ ಅಗುಳಿ ತೆಗೆದು ಪಾತ್ರೆಯನ್ನು ಬಡಿಸಲು ಕೊಟ್ಟರು.

ಅದು ಒಂದೂ ನಲವತ್ತಕ್ಕೇ ನೀರಾಯಿತು. ಇಷ್ಟು ಬೇಗ ಯಾವ ದಿನವೂ ಆಗಿರಲಿಲ್ಲ.

"ಈಗ ಹೇಳಿ" ಎಂದಳು ದುರ್ಗಿ. "ನಾನು ಬಾಗಿಲ ಹೊರಗಿದ್ದೆ. ಅಗುಳಿ ನಿಮ್ಮದು. ಮಂತ್ರ ಹಾಕ್ದೆ ಅಂತ್ರೋ?"

ಭಟ್ಟರು ಕ್ಯಾಲೆಂಡರಿನಲ್ಲಿ ಹದಿಮೂರನೆಯ ಸೊನ್ನೆ ಹಾಕಿದರು. ಆ ಹೊತ್ತಿಗೆ ಅವರಿಗೆ ಹೊಳೆದದ್ದು, ತಾವು ಕಾವಲಿಗೆ ಕೂರುವ ಮೊದಲೇ ಗೋಧಿಕಡಿಯಲ್ಲಿ ದುರ್ಗಿ ಏನೋ ಸೇರಿಸಿರಬೇಕು ಎಂಬುದು. ಸಂಜೆ ಅದನ್ನೇ ಮಗಳಿಗೆ ಫೋನಿನಲ್ಲಿ ಹೇಳಿದರು.

ಮಗಳು ಅರ್ಚಿತಾ ಹೊನ್ನಾವರದ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುತ್ತಾಳೆ. ಅವಳು ಮೂರೇ ಪ್ರಶ್ನೆ ಕೇಳಿದಳು.

"ನೀರು ಹಾಕಿದ್ದೇ ಹೌದಾದ್ರೆ ಪಾತ್ರೆಲಿ ಪಾಯಸ ಮೇಲೆ ಬರಕಾತು. ಬಂದಿತ್ತಾ?"

"ಇಲ್ಲೆ. ಎಷ್ಟಿತ್ತೋ ಅಷ್ಟೇ."

"ಮೊದಲು ಗಟ್ಟಿ ಇದ್ದು, ಆಮೇಲೆ ತೆಳ್ಳಗಾಗ್ತಾ? ಇಲ್ಲಾ ಮೊದಲಿಂದ್ಲೇ ತೆಳ್ಳಗಾ?"

"ಮೊದಲು ಗಟ್ಟಿ."

"ತೆಳ್ಳಗಾದ್ ಮೇಲೆ ಸಿಹಿ ಹೆಚ್ಚಾಗ್ತಾ?"

ಭಟ್ಟರು ಯೋಚಿಸಿದರು. "ಸ್ವಲ್ಪ. ಬೆಲ್ಲ ಚಲೋದು ಬೈಂದು ಅಂದ್ಕಂಡಿದ್ದೆ."

"ನಾಳೆ ಬತ್ತಿ" ಎಂದಳು ಅರ್ಚಿತಾ. "ದುರ್ಗಕ್ಕನ ಹೋಪಲೆ ಬಿಡಡ."

ಶನಿವಾರ ಹತ್ತು ಗಂಟೆಗೆ ಬಂದವಳು ಮೊದಲು ಒಂದು ಪಾತ್ರೆಯಲ್ಲಿ ಅಕ್ಕಿಹಿಟ್ಟಿನ ಗಂಜಿ ಕಾಸಿದಳು, ಅಂಟಿನಷ್ಟು ದಪ್ಪ. ಅದನ್ನು ಆರು ಸ್ಟೀಲಿನ ಲೋಟಗಳಿಗೆ ಹಾಕಿ, ಉಗುರುಬೆಚ್ಚಗಾದ ಮೇಲೆ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಇಟ್ಟಳು. ಆಮೇಲೆ ಮೂರು ಸಣ್ಣ ಬಟ್ಟಲು ತಂದು ದುರ್ಗಿ, ಸುಮತಿ, ಭಟ್ಟರು ಮೂವರ ಕೈಗೂ ಒಂದೊಂದು ಕೊಟ್ಟು, ಉಗುಳಿ ಎಂದಳು.

ಭಟ್ಟರು ಬಟ್ಟಲನ್ನು ದೂರ ಹಿಡಿದರು. "ಎಂತದು?"

"ಉಗುಳದು. ಒಂದು ಚಮಚದಷ್ಟು."

"ಊಟದ ಹೋಟ್ಲ ಹಿತ್ತಲಲ್ಲಿ?"

"ಮತ್ತೆಲ್ಲಿ, ಬಸ್ ಸ್ಟ್ಯಾಂಡಲ್ಲಾ?" ಎಂದಳು ಸುಮತಿ. ಅವಳು ಆಗಲೇ ಉಗುಳಿ ಮುಗಿಸಿದ್ದಳು.

ದುರ್ಗಿಯ ಬಾಯಲ್ಲಿ ಕವಳ ಇತ್ತು. "ಇದು ಉಗುಳಿ ಬಂದು ಕೊಡ್ಲಾ, ಅರ್ಚಿತಮ್ಮ?"

"ಬೇಡ ದುರ್ಗಕ್ಕ. ನೀವು ಹನ್ನೊಂದೂವರೆಗೆ ದಿನಾ ಹೇಗೆ ಇರ್ತೀರೋ ಹಾಗೇ ಬೇಕು."

"ಹಂಗಾದ್ರೆ ಕೆಂಪೇ ಬರೂದು."

"ಬರ್ಲಿ."

ಅರ್ಚಿತಾ ಮೊದಲನೆಯ ಲೋಟಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಒಂದು ಚಮಚ ನೀರು. ಮೂರಕ್ಕೆ ದುರ್ಗಿಯದು, ನಾಲ್ಕಕ್ಕೆ ಸುಮತಿಯದು, ಐದಕ್ಕೆ ಭಟ್ಟರದು. ಭಟ್ಟರ ಬಟ್ಟಲಲ್ಲಿ ಉಳಿದಿದ್ದನ್ನು ಒಂದು ಹಳೆಯ ಸೌಟಿಗೆ ಹಾಕಿ ಮೇಣದಬತ್ತಿಯ ಮೇಲೆ ಹಿಡಿದು ಕುದಿಸಿ, ಆರಿಸಿ, ಆರನೆಯ ಲೋಟಕ್ಕೆ ಹಾಕಿದಳು. ಎಲ್ಲವನ್ನೂ ಕಲಕಿದಳು, ಪ್ರತಿ ಲೋಟಕ್ಕೂ ಬೇರೆ ಕಡ್ಡಿ. ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೆ ಹೆಸರು ಬರೆದಳು.

"ಅಯೋಡಿನ್ ಹಾಕಿ ಬಣ್ಣ ನೋಡಬಹುದಿತ್ತು" ಎಂದಳು. "ಕವಳದ ರಸ ಆ ಬಣ್ಣವನ್ನೇ ಕೆಡಿಸ್ತು. ಅದಕ್ಕೆ ಬರೀ ಗಟ್ಟಿತನ ನೋಡನ. ಕಾಲು ತಾಸು."

ಕಾಲು ತಾಸಿನ ನಂತರ ಅವಳು ಲೋಟಗಳನ್ನು ಒಂದೊಂದಾಗಿ ಬಗ್ಗಿಸಿದಳು. ಒಂದನೆಯದು ಕದಲಲಿಲ್ಲ. ನೀರು ಹಾಕಿದ ಎರಡನೆಯದೂ ಹೆಚ್ಚುಕಡಿಮೆ ಹಾಗೇ. ದುರ್ಗಿಯದು ತುಸು ಕೆಂಪಾಗಿತ್ತು, ಆದರೆ ಗಟ್ಟಿ. ಸುಮತಿಯದು ಮಜ್ಜಿಗೆಯ ಹಾಗೆ ಹರಿಯಿತು. ಭಟ್ಟರದು ಲೋಟ ತುಸು ಬಗ್ಗಿಸುತ್ತಲೇ ಅಂಚಿಗೆ ಬಂದು, ಕಲ್ಲಿನ ಮೇಲಿಂದ ಹರಿದು, ಸೀಮೆಸುಣ್ಣದ 'ಅಪ್ಪ' ಎಂಬ ಅಕ್ಷರವನ್ನು ತೊಳೆದುಕೊಂಡು ಹೋಯಿತು. ಅವರದ್ದನ್ನೇ ಕುದಿಸಿ ಹಾಕಿದ ಆರನೆಯದು ಮಾತ್ರ ಒಂದನೆಯದರಷ್ಟೇ ಗಟ್ಟಿ.

"ಎಂಜಲಲ್ಲಿ ಒಂದು ಕಿಣ್ವ ಇರ್ತು" ಎಂದಳು ಅರ್ಚಿತಾ. ದುರ್ಗಿಗೂ ತಿಳಿಯಲೆಂದು ಮಾತು ಬದಲಿಸಿದಳು. "ದುರ್ಗಕ್ಕ, ಗಂಜಿ, ಪಾಯಸ ದಪ್ಪ ಇರೂದು ಅದರಲ್ಲಿ ಪಿಷ್ಟ ಇರೂದಕ್ಕೆ. ಪಿಷ್ಟ ಅಂದ್ರೆ ಸಕ್ಕರೆ ಮಣಿ ಪೋಣಿಸಿದ ಉದ್ದ ಸರ. ಸಾವಿರಾರು ಮಣಿ. ಸರ ಉದ್ದ ಇದ್ದಷ್ಟು ಒಂದಕ್ಕೊಂದು ತೊಡರಿಕೊಂಡು ದಪ್ಪ ಕಾಣ್ತದೆ. ಎಂಜಲಿನ ಕಿಣ್ವ ಆ ಸರವನ್ನು ತುಂಡು ಮಾಡ್ತದೆ. ತುಂಡಾದ್ರೆ ತೊಡರು ಬಿಡ್ತದೆ, ತೆಳ್ಳಗಾಗ್ತದೆ. ನೀರು ಸೇರ್ಬೇಕಂತಿಲ್ಲ."

"ಇಷ್ಟೇ ಇಷ್ಟು ಎಂಜಲಿಗೆ ಇಷ್ಟು ದೊಡ್ಡ ಪಾತ್ರೆಯಾ?" ಎಂದಳು ದುರ್ಗಿ.

"ಅಡಿಕೆ ಸುಲಿಯೂ ಮೆಟ್ಟುಗತ್ತಿ ನೋಡಿದ್ರಲ್ಲ. ಒಂದು ಅಡಿಕೆ ಸುಲಿದ್ರೆ ಕತ್ತಿ ಖರ್ಚಾಗ್ತದಾ? ಮುಂದಿನ ಅಡಿಕೆಗೆ ತಯಾರು. ಇದೂ ಹಾಗೇ. ಸರ ಕತ್ತರಿಸ್ತದೆ, ತಾನು ಹಾಗೇ ಉಳೀತದೆ, ಮುಂದಿನದಕ್ಕೆ ಹೋಗ್ತದೆ. ಕತ್ತಿ ಇಲ್ದಿದ್ರೂ ಸರ ಯಾವತ್ತೋ ಒಂದು ದಿನ ಕಡಿದು ಹೋಗ್ತದೆ, ಆದ್ರೆ ಅಷ್ಟರೊಳಗೆ ನಾವು ಯಾರೂ ಇರೂದಿಲ್ಲ. ಇದಿದ್ರೆ ಎರಡು ತಾಸು ಸಾಕು. ಮತ್ತೆ ಮೆಟ್ಟುಗತ್ತಿಲಿ ಮೀನು ಹೆಚ್ಚೂಕೆ ಬರೂದಿಲ್ಲ, ಅಲ್ದಾ? ಈ ಕಿಣ್ವವೂ ಪಿಷ್ಟ ಒಂದನ್ನೇ ಕತ್ತರಿಸೂದು. ತೆಂಗಿನ ಹಾಲಿನ ಜಿಡ್ಡು ಮುಟ್ಟೂದಿಲ್ಲ."

"ಆರನೇ ಲೋಟ?"

"ಕುದಿಸಿದ್ರೆ ಕತ್ತಿಯ ಆಕಾರ ಕೆಡ್ತದೆ. ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ಅಂದ್ರೆ ಪಾಯಸಕ್ಕೆ ಎಂಜಲು ಬಿದ್ದಿದ್ದು ಒಲೆಯ ಮೇಲಲ್ಲ. ತೊಟ್ಟಿಲಿಟ್ಟು ಬೆಚ್ಚಗಾದ ಮೇಲೆ."

"ನನ್ನ ಲೋಟ ಎಂತಕೆ ಗಟ್ಟಿ?" ಎಂದಳು ದುರ್ಗಿ. "ನನ್ನ ಬಾಯಲ್ಲಿ ಕತ್ತಿ ಇಲ್ವಾ?"

"ನಿಮ್ಮ ಬಾಯಲ್ಲಿ ಕತ್ತಿ ಎಲ್ಲರಿಗಿಂತ ಜೋರು" ಎಂದಳು ಅರ್ಚಿತಾ. "ಆದ್ರೆ ಅಡಿಕೆಯ ಚೊಗರು ಅದಕ್ಕೆ ಮೆತ್ತಿಕೊಂಡಿದೆ, ಮೇಲಿಂದ ಸುಣ್ಣ. ಕವಳ ಬಾಯಲ್ಲಿ ಇರೂವಷ್ಟು ಹೊತ್ತು ಅದು ಕೆಲಸ ಮಾಡೂದಿಲ್ಲ."

ದುರ್ಗಿ ಕವಳವನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, ಭಟ್ಟರ ಕಡೆ ನೋಡಿದಳು.

ಭಟ್ಟರು ಆ ನೋಟ ಗಮನಿಸಲಿಲ್ಲ. ಅವರ ತಲೆಯಲ್ಲಿ ಒಂದೇ ಮಾತು ಗುಂಯ್‌ಗುಡುತ್ತಿತ್ತು: ಎಂಜಲು. ನೀರು ಹಾಕಿದ್ದರೆ ಕ್ಷಮಿಸಬಹುದಿತ್ತು. ಹದಿಮೂರು ದಿನ, ದಿನಕ್ಕೆ ನೂರು ಜನ, ಅವರ ಹೋಟೆಲಿನಲ್ಲಿ ಯಾರದೋ ಎಂಜಲು ಉಂಡಿದ್ದಾರೆ. ಭಟ್ಕಳದವರು ಉಂಡಿದ್ದಾರೆ. ಒಬ್ಬ ತಹಶೀಲ್ದಾರರು ಉಂಡು, ಚಲೋ ಇತ್ತು ಎಂದು ಹೇಳಿಯೂ ಹೋಗಿದ್ದಾರೆ. ಅವರು ಹೆಂಡತಿಯ ಕಡೆ ತಿರುಗಿದರು.

"ನಿನ್ನ ಲೋಟವೂ ತೆಳ್ಳಗಾಯ್ದು."

"ನಂಗೆ ಶುಗರ್ ಇದ್ದು" ಎಂದಳು ಸುಮತಿ. "ಎಂಟು ವರ್ಷಾತು, ಪಾಯಸ ಮುಟ್ಟಿದ್ನಿಲ್ಲೆ. ಗೊತ್ತಿಲ್ಯನ?"

"ಹಂಗಾದ್ರೆ ಮಂಜ."

"ಮಂಜ ಹನ್ನೆರಡಕ್ಕೆ ಬಪ್ಪವ."

ಅಷ್ಟರಲ್ಲಿ ಹನ್ನೊಂದೂ ಮುಕ್ಕಾಲು ಆಗಿತ್ತು. ಇಷ್ಟು ಗಲಾಟೆಯ ನಡುವೆಯೂ ದುರ್ಗಿ ಒಳಗೆ ಹೋಗಿ ಬಂದು, ಇಳಿಸುವ ಹೊತ್ತಿಗೆ ಪಾಯಸ ಇಳಿಸಿ, ಹಾಲು ಹಾಕುವ ಹೊತ್ತಿಗೆ ಹಾಲು ಹಾಕಿ ಮುಗಿಸಿದ್ದಳು. ಕೊನೆಯ ದಿನವೆಂದು ಅವಳು ಏನೂ ಕಡಿಮೆ ಮಾಡಿರಲಿಲ್ಲ. ಭಟ್ಟರು ಅಡಿಗೆಮನೆಗೆ ನುಗ್ಗಿದರು. ಮೂವರೂ ಹಿಂದೆ ಬಂದರು. ಅವರು ತೊಟ್ಟಿಯ ಪಕ್ಕ, ಗೋಡೆಯ ಹಲಗೆಯ ಕೆಳಗೆ ನಿಂತು ಭಾಷಣವನ್ನೇ ಶುರು ಮಾಡಿದರು.

"ಇಪ್ಪತ್ತಾರು ವರ್ಷದಿಂದ ಈ ಹೋಟ್ಲು ನಡೆಸ್ತಾ ಇದ್ದೆ" ಎಂದರು. "ಒಂದು ದಿವ್ಸ ಒಬ್ಬರ ಎಂಜಲು ಒಬ್ಬರಿಗೆ ಹೋದದ್ದಿಲ್ಲ. ಇದು ಯಾರೇ ಮಾಡಿರ್ಲಿ, ನನ್ನ ಹೆಂಡತಿ ಆಗಿರ್ಲಿ, ಮಗಳೇ ಆಗಿರ್ಲಿ," ಅಷ್ಟು ಹೇಳಿ ಪಾತ್ರೆಯ ಅಂಚಿಗೆ ಸಿಕ್ಕಿಸಿದ್ದ ಉದ್ದ ಹಿಡಿಕೆಯ ಚಮಚ ತೆಗೆದು, ಪಾಯಸದಲ್ಲಿ ಅದ್ದಿ, ಬಾಯಿಗಿಟ್ಟು, ಎರಡೂ ಕಡೆ ನೆಕ್ಕಿ, ಮತ್ತೆ ಪಾಯಸದಲ್ಲಿ ಅದ್ದಿ ಕಲಕುತ್ತ, "ಅವರಿಗೆ ಈ ಬಾಗಿಲು ಬಂದ್" ಎಂದು ಮುಗಿಸಿದರು.

ಯಾರೂ ಮಾತಾಡಲಿಲ್ಲ. ತಮ್ಮ ಮಾತು ನಾಟಿತು ಎಂದು ಭಟ್ಟರಿಗೆ ಸಮಾಧಾನವಾಯಿತು. ಆಮೇಲೆ ನೋಡಿದರೆ ಮೂವರ ಕಣ್ಣೂ ಅವರ ಮುಖದ ಮೇಲೆ ಇರಲಿಲ್ಲ, ಕೈಯ ಮೇಲಿತ್ತು. ಅವರೂ ತಮ್ಮ ಕೈ ನೋಡಿಕೊಂಡರು. ಚಮಚ ಇನ್ನೂ ಪಾಯಸದಲ್ಲಿ ತಿರುಗುತ್ತಿತ್ತು.

"ಅಪ್ಪಾ" ಎಂದಳು ಅರ್ಚಿತಾ, "ಚಮಚ."

ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಕವಳ ಇದ್ದ ಕಾಲದಲ್ಲಿ ಬಾಯಿ ತುಂಬಿರುತ್ತಿತ್ತು. ಆಗ ಪಾಯಸದ ರುಚಿ ನೋಡುವುದೆಂದರೆ ಬಾಯಿ ತೊಳೆದು ಬಂದು, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕುವುದು. ದಿನಕ್ಕೆ ಒಂದೇ ಸಲ. ಬಾಯಿ ಖಾಲಿಯಾದ ಮೇಲೆ, ದಿನವೂ ದುರ್ಗಿ ಹಿತ್ತಲಿಗೆ ಹೋದ ಹೊತ್ತಿನಲ್ಲಿ, ಕೈ ತಾನಾಗಿ ಚಮಚ ಹಿಡಿದಿತ್ತು. ನೀರನ್ನು ಗೇಣೆತ್ತರದಿಂದ ಬಿಟ್ಟುಕೊಂಡ ಹಾಗೆ ಪಾಯಸವನ್ನೂ ಬಿಟ್ಟುಕೊಳ್ಳುತ್ತಿದ್ದೇನೆ ಎಂದೇ ಅವರು ನಂಬಿದ್ದರು. ಆದರೆ ಚಮಚ ನೆಟ್ಟರೆ ನಿಲ್ಲುವಂಥ ಪಾಯಸ ಎತ್ತರದಿಂದ ಬೀಳುವುದಿಲ್ಲ. ಅದನ್ನು ನೆಕ್ಕಲೇಬೇಕು.

"ನಿನ್ನೆ ಬಾಗಿಲು ಹಾಕ್ಕಂಡು ಎಷ್ಟು ಸಲ ನೋಡಿದ್ರಿ?" ಎಂದು ದುರ್ಗಿ ಕೇಳಿದಳು.

"ಎಂಟು... ಒಂಬತ್ತು ಸಲ."

"ಅದಕ್ಕೇ ಒಂದೂ ನಲವತ್ತಕ್ಕೆ" ಎಂದಳು ಅರ್ಚಿತಾ. "ಕತ್ತಿ ಹೆಚ್ಚಾದಷ್ಟು ಬೇಗ."

ಸುಮ್ಮನೆ ನಗು ತಡೆದುಕೊಳ್ಳುತ್ತಿದ್ದ ಸುಮತಿ ಕೊನೆಗೆ ಬಾಗಿಲ ಕಡೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ದುರ್ಗಿ ನಗಲಿಲ್ಲ. ಅವಳು ಭಟ್ಟರ ಕೈಯಲ್ಲಿದ್ದ ಚಮಚವನ್ನೇ ನೋಡುತ್ತ ಹೇಳಿದಳು:

"ಇದನ್ನ ಈಗ ನಾನೇ ತೊಳೀಬೇಕಾ, ಭಟ್ರೆ?"

ಭಟ್ಟರು ಹಿತ್ತಲಿಗೆ ಹೋಗಿ, ಚಮಚಕ್ಕೆ ಬೂದಿ ಹಾಕಿ ಬಹಳ ಹೊತ್ತು ತಿಕ್ಕಿದರು. ತಿಕ್ಕಿ ಮುಗಿದ ಮೇಲೆ ಅದನ್ನು ಒಳಗೆ ತರಲಿಲ್ಲ, ಮಂಜನ ಚೊಂಬಿನ ಪಕ್ಕದಲ್ಲಿ ಇಟ್ಟರು.

ಒಳಗೆ ಹದಿನೆಂಟು ಲೀಟರ್ ಪಾಯಸ ತೊಟ್ಟಿಯಲ್ಲಿತ್ತು, ಇನ್ನೂ ಗಟ್ಟಿಯಾಗಿ. ಹನ್ನೆರಡೂ ಕಾಲು.

"ಕುದಿಸಿಬಿಟ್ರೆ?" ಎಂದು ಸುಮತಿ ಮಗಳನ್ನು ಕೇಳಿದಳು. "ಎಂಜಲು ಹೋಗ್ತನೆ?"

"ಕಿಣ್ವ ಹೋಗ್ತು, ತೆಂಗಿನ ಹಾಲು ಒಡೆತು. ಎಂಜಲು ಹೋಗ್ತಾ ಇಲ್ಯಾ ಹೇಳದು ನನ್ನ ಸಿಲೆಬಸ್ಸಲ್ಲಿ ಇಲ್ಲೆ."

ಭಟ್ಟರು ಹಲಗೆಯನ್ನು ಒಮ್ಮೆ ಓದಿದರು. ತಾವೇ ಬರೆದದ್ದಾದ್ದರಿಂದ ಬೇರೆ ಅರ್ಥ ತೆಗೆಯಲು ದಾರಿ ಇರಲಿಲ್ಲ. "ಎಮ್ಮೆಗೆ ಕೊಟ್ಬಿಡಿ" ಎಂದು ಹೇಳಿ ಹೊರಗೆ ಹೋಗಿ, ಬಾಗಿಲ ಬಳಿಯ ಕರಿಹಲಗೆಯಲ್ಲಿ 'ಇಂದು ಪಾಯಸ ಇಲ್ಲ' ಎಂದು ಬರೆದರು. ಹಿಂದಿನ ಮನೆಯ ಎಮ್ಮೆ ಅದನ್ನು ಎರಡು ಸಲಕ್ಕೆ ಕುಡಿದು ಮುಗಿಸಿತು.

ಎರಡು ಗಂಟೆಗೆ ರಾಘು ಬಂದು ಕರಿಹಲಗೆ ಓದಿ, ಓದಿದ್ದು ನಂಬದೆ ಇನ್ನೊಮ್ಮೆ ಓದಿದ. ಗುರುವಾರ ಇದ್ದವರಲ್ಲಿ ನಾಲ್ಕು ಜನ ಅಂದೂ ಊಟಕ್ಕೆ ಕೂತಿದ್ದರು.

"ಎಂತಾತು? ದುರ್ಗಿ ಹೋಗಿಬಿಟ್ಟಳಾ?"

"ಹೋಗ್ಲಿಲ್ಲ, ಇಲ್ಲೇ ಇದ್ದೆ" ಎಂದಳು ದುರ್ಗಿ ಒಳಗಿನಿಂದ. ಬಾಗಿಲಿಗೆ ಬಂದು, "ತೆಂಗಿನ ಹಾಲು ಒಡೀತು" ಎಂದಳು.

ಭಟ್ಟರು ಗಲ್ಲೆಯ ಹಿಂದೆ ಕೂತಿದ್ದರು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಾಲಿಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಆದರೆ ಗುರುವಾರ ಇದೇ ಗಲ್ಲೆಯ ಹಿಂದಿನಿಂದ, ಇದೇ ಜನಕ್ಕೆ, ಅವರು ಬೇರೊಂದು ಮಾತು ಹೇಳಿದ್ದರು. ಅವರು ಎದ್ದು ನಿಂತರು.

"ಹಾಲು ಒಡೀಲಿಲ್ಲ" ಎಂದರು. "ದುರ್ಗಿ ಒಂದು ದಿವ್ಸವೂ ನೀರು ಹಾಕ್ಲಿಲ್ಲ. ಪಾಯಸಕ್ಕೆ ಎಂಜಲು ಬಿದ್ದಿತ್ತು. ನನ್ನದು. ನಾನು ಚಮಚ ನೆಕ್ಕಿ ಮತ್ತೆ ಹಾಕ್ತಿದ್ದೆ."

ಊಟ ಮಾಡುತ್ತಿದ್ದವರ ಕೈ ನಿಂತಿತು. ರಾಘು ಸೀಟಿನಲ್ಲಿ ಹಿಂದಕ್ಕೆ ಒರಗಿದ.

"ಎಷ್ಟು ದಿವ್ಸ?"

"ಹದಿಮೂರು."

ರಾಘು ಬೆರಳು ಮಡಚಿದ. "ದಿವ್ಸಕ್ಕೆ ಎರಡರಂಗೆ ಇಪ್ಪತ್ತಾರು ಲೋಟ." ಸ್ವಲ್ಪ ಹೊತ್ತು ಯೋಚಿಸಿ, "ಅದಕ್ಕೇ ಈಗ ಹದಿನೈದು ದಿವ್ಸದಿಂದ ಹೊಟ್ಟೆ ಹಗುರ ಇತ್ತು. ನೀವು ಅರ್ಧ ಜೀರ್ಣ ಮಾಡಿಯೇ ಕೊಡ್ತಿದ್ರಿ."

"ಹಾಗೇನೂ ಇಲ್ಲ" ಎಂದಳು ಕೈ ಒರೆಸುತ್ತ ಬಂದ ಅರ್ಚಿತಾ. "ಹೊಟ್ಟೆಯ ಆಮ್ಲದಲ್ಲಿ ಅದು ಕೆಲಸ ನಿಲ್ಲಿಸ್ತದೆ. ನಿಮ್ಮ ಹೊಟ್ಟೆ ಹಗುರ ಇದ್ದಿದ್ರೆ ಬೇರೆ ಕಾರಣ."

"ಇರ್ಲಿ, ಮಾರಾಯ್ತಿ, ಭಟ್ರಿಗೆ ಒಂದಾದ್ರೂ ಪುಣ್ಯ ಬರ್ಲಿ" ಎಂದ ರಾಘು. ಮೂಲೆಯ ಮೇಜಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಒಬ್ಬರು ಮಾತ್ರ ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಹೋದರು. ಅವರು ಮತ್ತೆ ಬಂದದ್ದನ್ನು ಯಾರೂ ನೋಡಿಲ್ಲ.

ಊಟದ ಗಲಾಟೆ ಮುಗಿದ ಮೇಲೆ ಭಟ್ಟರು ಅಡಿಗೆಮನೆಯ ಹೊಸಿಲಿನವರೆಗೆ ಹೋದರು. ಒಳಗೆ ಕಾಲಿಡಲಿಲ್ಲ.

"ಹೊನ್ನಾವರದವರಿಗೆ ಎಂತ ಹೇಳಿದ್ದೆ?" ಎಂದು ಕೇಳಿದರು.

"ಸೋಮವಾರ ಬತ್ತೆ ಅಂದಿದ್ದೆ."

"ಇನ್ನು?"

ದುರ್ಗಿ ಒಲೆಯ ಕಟ್ಟೆ ಒರೆಸುವುದನ್ನು ಮುಂದುವರಿಸಿದಳು. "ಕವಳ ಒಳಗೇ ಹಾಕ್ತೆ. ಹಿತ್ತಲ ಕಲ್ಲು ಬಿಸಿಲಿಗೆ ಕಾಯ್ತದೆ."

"ನೀನೂ ಬಿಟ್ರೆ ಚಲೋ. ಡಾಕ್ಟ್ರು ಹೇಳಿದ್ದು ನನಗೊಬ್ಬನಿಗೇ ಅಲ್ಲ."

"ಬಿಡ್ತೆ ಅಂದ್ರೆ ನಿಮ್ಮಂಗೆ ಚಮಚಕ್ಕೆ ಕೈ ಹಾಕೂದಾಗ್ತದೆ."

ಭಟ್ಟರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹಲ್ಲಿನ ಡಾಕ್ಟ್ರಿಗೆ ತೋರಿಸೂಕೆ ಮಂಗಳವಾರ ನಿಮ್ಮ ಜೊತೆ ನಾನೂ ಬತ್ತೆ" ಎಂದಳು ದುರ್ಗಿ. "ಆಮೇಲೆ ನೋಡ್ವ. ಆದ್ರೆ ರುಚಿ ನೋಡೂದು ನಾನೇ. ಬಾಯಿ ತೊಳದು, ಅಂಗೈ ಮೇಲೆ. ಹಾಲು ಹಾಕ್ದ ಮೇಲೆ ನೀವು ಈ ಹೊಸಿಲು ದಾಟೂಕಾಗ."

"ಆತು" ಎಂದರು ಭಟ್ಟರು.

ಸೋಮವಾರ ದುರ್ಗಿ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ಹನ್ನೊಂದೂವರೆಯಿಂದ ಹನ್ನೆರಡೂವರೆಯವರೆಗೆ ಭಟ್ಟರು ಹೊಸಿಲಿನ ಹೊರಗೆ ನಿಂತು ಲವಂಗ ಜಗಿದರು. ರಾಘು ಎರಡೂ ಹತ್ತಕ್ಕೆ ಬಂದು, ಮೊದಲ ಲೋಟದಲ್ಲಿ ಚಮಚ ನೆಟ್ಟು, ಅದು ನಿಂತದ್ದನ್ನು ನೋಡಿ ಕುಡಿದ. ಪಾಯಸ ಮೂರು ಗಂಟೆ ಐದು ನಿಮಿಷಕ್ಕೆ ಖಾಲಿಯಾಯಿತು.